ಹಂದಿಗೋಡಿಗೆ ತಾರ್ನಾಕದಿಂದ ಬರಬೇಕಾದ ಬಾಕಿ

ರೋಗಕ್ಕೆ ಹೆಸರಿಟ್ಟು ರೋಗಿಯನ್ನು ಇದ್ದಲ್ಲಿಯೇ ಬಿಟ್ಟು ಬರುವ ಸಂಶೋಧನೆಯನ್ನು ಮುಗಿದ ಕೆಲಸವೆಂದು ಒಪ್ಪಲಾಗದು. ಹಂದಿಗೋಡು ಕಾಯಿಲೆಯ ವಿಚಾರದಲ್ಲಿ ನಮ್ಮ ವೈದ್ಯಕೀಯ ಸಂಶೋಧನಾ ವ್ಯವಸ್ಥೆ ಅರ್ಧ ಶತಮಾನದಿಂದ ಮಾಡುತ್ತ ಬಂದಿರುವುದು ಇದನ್ನೇ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಎಂಬ ಊರಿನ ಕೂಲಿಕಾರರು 1970ರ ದಶಕದ ನಡುವಿನಲ್ಲಿ ಸೊಂಟ ಮತ್ತು ಮಂಡಿ ಹಿಡಿದುಕೊಂಡು ಮೂಲೆ ಸೇರತೊಡಗಿದರು. ಅವರನ್ನು ನೋಡಲು ಹೈದರಾಬಾದಿನ ತಾರ್ನಾಕದಿಂದ ವಿಜ್ಞಾನಿಗಳು ಬಂದರು. ಆ ಭೇಟಿಯಿಂದ ಶುರುವಾದ ಲೆಕ್ಕ ಇವತ್ತಿಗೂ ಚುಕ್ತಾ ಆಗಿಲ್ಲ.

ತಾರ್ನಾಕದ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ ಸಾಮಾನ್ಯ ಸಂಸ್ಥೆಯಲ್ಲ. 1918ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಒಂದು ಸಣ್ಣ ಕೋಣೆಯಲ್ಲಿ ಬೆರಿಬೆರಿ ರೋಗದ ವಿಚಾರಣೆಗೆಂದು ಶುರು ಮಾಡಿದ್ದು 1958ರಲ್ಲಿ ಹೈದರಾಬಾದಿಗೆ ಬಂತು, 1969ರಲ್ಲಿ ಈಗಿನ ಹೆಸರು ಪಡೆಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ, ಅಂದರೆ ಐಸಿಎಂಆರ್‌ನ, ಅತ್ಯಂತ ಹಳೆಯ ಸಂಸ್ಥೆಗಳಲ್ಲಿ ಇದೂ ಒಂದು. ಅದೇ ರಸ್ತೆಯಲ್ಲಿ ಹಬ್ಸಿಗೂಡ ದಾಟಿ ಉಪ್ಪಲ್ ಕಡೆಗೆ ಹೋದರೆ ಜೀವಕೋಶ ಮತ್ತು ಆಣ್ವಿಕ ಜೀವವಿಜ್ಞಾನ ಕೇಂದ್ರವಿದೆ, ಡಿಎನ್‌ಎ ಬೆರಳಚ್ಚು ಕೇಂದ್ರವಿದೆ. ದೇಶದ ಬೇರೆ ಯಾವುದೇ ರಸ್ತೆಯಲ್ಲಿ ಇಷ್ಟು ಹತ್ತಿರ ಹತ್ತಿರ ಇಷ್ಟೊಂದು ಜೀವವಿಜ್ಞಾನ ಸಿಗುವುದು ಅಪರೂಪ. ಆದ್ದರಿಂದಲೇ ಈ ಅಗ್ರಲೇಖನದ ಮಾತು ಕಟುವಾಗಿದೆ. ಕೈಲಾಗದವರಲ್ಲಿ ಬಾಕಿ ಕೇಳಿ ಪ್ರಯೋಜನವಿಲ್ಲ, ಇವರು ಕೈಲಾಗುವವರು.

ಸಂಸ್ಥೆಯ ಚರಿತ್ರೆಯೇ ಅದಕ್ಕೆ ಸಾಕ್ಷಿ. ಜೋಳವನ್ನೇ ನಂಬಿದ ತೆಲಂಗಾಣದ ಬಡವರಲ್ಲಿ ಕುತ್ತಿಗೆಯ ಸುತ್ತ, ಮುಂಗೈ ಮೇಲೆ ಚರ್ಮ ಸುಟ್ಟಂತಾಗಿ, ಹೊಟ್ಟೆ ಕೆಟ್ಟು, ಕೊನೆಗೆ ಬುದ್ಧಿಯೂ ಕದಡುತ್ತಿದ್ದ ಪೆಲಾಗ್ರಾ ರೋಗವನ್ನು ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 1960ರಲ್ಲಿ ಜೋಳದ ಲ್ಯೂಸಿನ್ ಎಂಬ ಅಂಶಕ್ಕೆ ಗಂಟು ಹಾಕಿ ವಿವರಿಸಿದರು. ಆ ವಾದದ ಬಗ್ಗೆ ಆಮೇಲೆ ಚರ್ಚೆ ನಡೆದದ್ದುಂಟು. ಆದರೆ ಆ ದಿನಗಳ ವೈದ್ಯರು ನಿಲೋಫರ್ ಮಕ್ಕಳ ಆಸ್ಪತ್ರೆಯಲ್ಲಿ, ಉಸ್ಮಾನಿಯಾ ಜನರಲ್ ಆಸ್ಪತ್ರೆಯಲ್ಲಿ ವಾರ್ಡು ಇಟ್ಟುಕೊಂಡು ಕೆಲಸ ಮಾಡಿದವರು. ನಯಾಸಿನ್ ಕೊಟ್ಟರೆ ಪೆಲಾಗ್ರಾ ಇಳಿಯುತ್ತಿತ್ತು. ಅಧ್ಯಯನಕ್ಕೆ ಸಿಕ್ಕ ಮನುಷ್ಯ ಚಿಕಿತ್ಸೆಗೂ ಸಿಗುತ್ತಿದ್ದ. ವಿಟಮಿನ್ ಎ ಕೊರತೆಯಿಂದ ಮಕ್ಕಳು ಕುರುಡಾಗುವುದನ್ನು ಇದೇ ಸಂಸ್ಥೆ ಅಭ್ಯಸಿಸಿತು. ಅದರ ಫಲವಾಗಿ ಆರು ತಿಂಗಳಿಗೊಮ್ಮೆ ಮಕ್ಕಳ ಬಾಯಿಗೆ ವಿಟಮಿನ್ ಎ ದ್ರಾವಣ ಹಾಕುವ ರಾಷ್ಟ್ರೀಯ ಕಾರ್ಯಕ್ರಮ 1970ರಲ್ಲಿ ಬಂತು. ಪ್ರಯೋಗಾಲಯದಿಂದ ಅಂಗನವಾಡಿಯವರೆಗಿನ ದಾರಿ ತಾರ್ನಾಕಕ್ಕೆ ಚೆನ್ನಾಗಿ ಗೊತ್ತು. ಹಂದಿಗೋಡಿನ ಮಟ್ಟಿಗೆ ಮಾತ್ರ ಆ ದಾರಿ ನಡುವೆಯೇ ನಿಂತುಹೋಯಿತು.

ನಡೆದದ್ದು ಹೀಗೆ. ತಾರ್ನಾಕದ ಕೆ.ಎ.ವಿ.ಆರ್. ಕೃಷ್ಣಮಾಚಾರಿ ಮತ್ತು ರಮೇಶ್ ಭಟ್ ಅವರು ಈ ಕಾಯಿಲೆಯನ್ನು ಪರಿಶೀಲಿಸಿ ‘ಮಲೆನಾಡಿನ ಕೌಟುಂಬಿಕ ಸಂಧಿರೋಗ’ ಎಂದು ಗುರುತಿಸಿ 1977 ಮತ್ತು 1978ರಲ್ಲಿ ಪ್ರಬಂಧಗಳನ್ನು ಪ್ರಕಟಿಸಿದರು. ನೋವು ಮೊದಲು ಸೊಂಟದ ಕೀಲಿಗೆ, ಆಮೇಲೆ ಮಂಡಿಗೆ. ಕೆಲವರಲ್ಲಿ ಬಾಲ್ಯದಲ್ಲೇ ಬೆಳವಣಿಗೆ ಕುಂಠಿತವಾಗಿ ದೇಹ ಕುಳ್ಳಾಗುತ್ತದೆ. ಕೆಲವರು ಎಲ್ಲರಂತೆ ಬೆಳೆದು, ದುಡಿಯುವ ವಯಸ್ಸಿನಲ್ಲಿ ಕೋಲು ಹಿಡಿದು, ಕೊನೆಗೆ ತೆವಳಲು ಶುರು ಮಾಡುತ್ತಾರೆ. ಬಾಧೆಗೆ ಸಿಕ್ಕವರಲ್ಲಿ ಬಹುತೇಕರು ಚೆನ್ನಂಗಿ ಮತ್ತು ಛಲವಾದಿ ಸಮುದಾಯದವರು, ಪರರ ಗದ್ದೆ ತೋಟಗಳಲ್ಲಿ ದುಡಿಯುವ ಭೂಹೀನರು. ಗದ್ದೆಯ ಏಡಿ, ಮೀನು ತಿನ್ನುವವರಿಗೇ ಇದು ಬರುತ್ತದೆ, ಭತ್ತಕ್ಕೆ ಹೊಡೆದ ಕೀಟನಾಶಕ ಏಡಿಯ ಮೂಲಕ ಮೈ ಸೇರಿದೆ ಎಂಬ ವಾದ ಆಗ ಬಲವಾಗಿ ಕೇಳಿಬಂತು. ಹಸಿರು ಕ್ರಾಂತಿಯ ಔಷಧಿ ಡಬ್ಬಗಳು ಮಲೆನಾಡಿನ ಗದ್ದೆಗೆ ಇಳಿದ ಕಾಲವದು. ಜನ ಹಾಗೆ ನಂಬಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಎಂಬತ್ತರ ದಶಕದ ನಂತರ ಲಖನೌದ ಸಂಜಯ್ ಗಾಂಧಿ ಸ್ನಾತಕೋತ್ತರ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಎಸ್.ಎಸ್. ಅಗರ್‌ವಾಲ್ ಮತ್ತು ಸಂಗಡಿಗರು ವಂಶಾವಳಿ ಬರೆದು, ಎಕ್ಸ್‌ರೇ ತೆಗೆದು, ಇದು ಬೆನ್ನುಮೂಳೆ ಮತ್ತು ಉದ್ದ ಮೂಳೆಗಳ ತುದಿ ಸರಿಯಾಗಿ ಬೆಳೆಯದ ಆನುವಂಶಿಕ ಕಾಯಿಲೆ ಎಂದು ತೀರ್ಮಾನಿಸಿದರು. ತಂದೆ ತಾಯಿಯರಲ್ಲಿ ಒಬ್ಬರಿಗೆ ಇದ್ದರೂ ಸಾಕು, ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. 1997ರಲ್ಲಿ ಇದೇ ತಂಡ ದಕ್ಷಿಣ ಆಫ್ರಿಕಾದ ಕ್ವಾಜುಲು ನಟಾಲ್ ಪ್ರಾಂತ್ಯದ ಮ್ಸೆಲೆನಿ ಎಂಬಲ್ಲಿನ ಕೀಲುರೋಗದ ಜೊತೆ ಹಂದಿಗೋಡು ಕಾಯಿಲೆಯನ್ನು ಹೋಲಿಸಿ, ಎರಡೂ ಒಂದೇ ಇರಬಹುದೇ ಎಂದು ಕೇಳಿತು. ಮುಂದೆ ಇನ್ನೊಂದು ಅಧ್ಯಯನ ರೋಗಿಗಳ ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವುದನ್ನು ದಾಖಲಿಸಿತು.

ಈ ಪ್ರಬಂಧಗಳ ತಲೆಬರಹಗಳನ್ನು ಸಾಲಾಗಿ ಓದಿದರೆ ದೋಷ ಎಲ್ಲಿದೆ ಎಂಬುದು ತಿಳಿಯುತ್ತದೆ. ರೋಗ ಎಷ್ಟು ಜನರಲ್ಲಿದೆ, ಎಕ್ಸ್‌ರೇಯಲ್ಲಿ ಹೇಗೆ ಕಾಣುತ್ತದೆ, ಹೇಗೆ ಹರಿದುಬರುತ್ತದೆ, ಜಗತ್ತಿನ ಯಾವ ರೋಗವನ್ನು ಹೋಲುತ್ತದೆ, ರಕ್ತದಲ್ಲಿ ಏನು ಕಡಿಮೆ. ಎಲ್ಲವೂ ರೋಗ ಯಾವುದು ಎಂಬ ಪ್ರಶ್ನೆಯ ಸುತ್ತಲೇ. ಈ ರೋಗ ಇರುವವರು ಹೇಗೆ ಬದುಕಬೇಕು ಎಂದು ಕೇಳುವ ಪ್ರಬಂಧ ಅವುಗಳಲ್ಲಿ ಯಾವುದು? ಹದಿಹರೆಯದಲ್ಲೇ ವ್ಯಾಯಾಮ ಹೇಳಿಕೊಟ್ಟರೆ ಕೀಲು ಎಷ್ಟು ವರ್ಷ ಹೆಚ್ಚು ತಾಳುತ್ತದೆ, ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಕೊಟ್ಟರೆ ಮೂಳೆಯ ನೋವು ಇಳಿಯುತ್ತದೆಯೇ, ಸೊಂಟದ ಕೀಲು ಬದಲಿಸಿದವರು ಹತ್ತು ವರ್ಷದ ನಂತರ ಹೇಗಿದ್ದಾರೆ ಎಂಬವು ವಿಜ್ಞಾನದ ಪ್ರಶ್ನೆಗಳೇ. ವಂಶವಾಹಿಯ ಹುಡುಕಾಟಕ್ಕಿಂತ ಕಡಿಮೆ ಖರ್ಚಿನಲ್ಲಿ ಉತ್ತರ ಸಿಗುವ ಪ್ರಶ್ನೆಗಳು. ಕ್ಯಾಲ್ಸಿಯಂ ಕಡಿಮೆ ಎಂದು ಬರೆದು ಮುಗಿಸಿದ ಕಡೆಯಿಂದಲೇ ಚಿಕಿತ್ಸೆಯ ಅಧ್ಯಯನ ಶುರುವಾಗಬೇಕಿತ್ತು. ಕ್ಯಾಲ್ಸಿಯಂ ಮಾತ್ರೆ ದುಬಾರಿ ಔಷಧಿಯೇನೂ ಅಲ್ಲ.

ಹಂದಿಗೋಡು ರೋಗಿಗೆ ಯಾರೂ ಏನನ್ನೂ ಮಾಡಲಿಲ್ಲ ಎಂದು ನಾವು ಹೇಳುವುದಿಲ್ಲ. ಹಾಗೆ ಹೇಳಿದರೆ ಅನ್ಯಾಯವಾಗುತ್ತದೆ. ಶಿಬಿರಗಳಾಗಿವೆ, ಭರವಸೆಗಳು ಬಂದಿವೆ, ಮನವಿ ಪತ್ರ ಹಿಡಿದು ರೋಗಿಗಳು ಕಚೇರಿಯಿಂದ ಕಚೇರಿಗೆ ಹೋಗಿದ್ದಾರೆ. ಸಾಗರ ತಾಲ್ಲೂಕಿನಾಚೆ, ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ನರಸಿಂಹರಾಜಪುರ, ಶೃಂಗೇರಿಗಳಲ್ಲೂ ಈ ಕಾಯಿಲೆಯ ಕುಟುಂಬಗಳಿವೆ ಎಂದು ಬಹಳ ಹಿಂದೆಯೇ ಗೊತ್ತಾಗಿದೆ. ಆದರೆ ಶಿಬಿರ ಎಂಬುದು ಒಂದು ದಿನದ ಮಾತು. ಜೀವನಪೂರ್ತಿ ಇರುವ ಕಾಯಿಲೆಗೆ ಜೀವನಪೂರ್ತಿ ತೆರೆದಿರುವ ಬಾಗಿಲು ಬೇಕು. ಆ ಬಾಗಿಲನ್ನು ಸಂಶೋಧನೆಯೊಳಗೇ ಇಡುವುದು ಐಸಿಎಂಆರ್‌ನ ಹೊಣೆ, ಹೊರಗೆ ನಡೆಸುವುದು ಕರ್ನಾಟಕ ಸರ್ಕಾರದ ಹೊಣೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ಕೂತಿದ್ದಾರೆ ಎಂಬುದು ನಮ್ಮ ಆರೋಪ. ಆಗ ನೀತಿಸಂಹಿತೆಯೇ ಇರಲಿಲ್ಲ ಎಂಬ ಸಮಜಾಯಿಷಿ 1975ಕ್ಕೆ ಸಲ್ಲಬಹುದು, ನಂತರದ ಕಾಲಕ್ಕೆ ಸಲ್ಲದು. ಮನುಷ್ಯರ ಮೇಲಿನ ಸಂಶೋಧನೆಯ ನೈತಿಕತೆಯ ಬಗ್ಗೆ ಐಸಿಎಂಆರ್ ತಾನೇ 1980ರಲ್ಲಿ ನಿಲುವು ಪ್ರಕಟಿಸಿದೆ, 2000 ಮತ್ತು 2006ರಲ್ಲಿ ಮಾರ್ಗಸೂಚಿ ಹೊರಡಿಸಿದೆ, 2017ರಲ್ಲಿ ಅದನ್ನು ವಿಸ್ತರಿಸಿದೆ. ಅಧ್ಯಯನಕ್ಕೆ ಒಳಪಟ್ಟ ಸಮುದಾಯಕ್ಕೆ ಅದರ ಫಲ ಮರಳಬೇಕು ಎಂಬುದು ಆ ಮಾರ್ಗಸೂಚಿಯದೇ ಮಾತು. ತಾನು ಬರೆದ ನಿಯಮಕ್ಕೆ ತಾನೇ ಉತ್ತರಿಸಬೇಕಲ್ಲವೇ?

ಪುನರ್ವಸತಿ ಎಂದಾಕ್ಷಣ ದೊಡ್ಡ ಕಟ್ಟಡ, ಫಲಕ, ಉದ್ಘಾಟನೆ ನೆನಪಾಗುತ್ತದೆ. ಈ ಕಾಯಿಲೆಯವರಿಗೆ ಅದು ಶುರುವಾಗುವುದು ಬೆಳಗಿನ ಶೌಚದಿಂದ. ಸೊಂಟದ ಕೀಲು ಸವೆದವರಿಗೆ ಕುಕ್ಕರುಗಾಲಿನಲ್ಲಿ ಕೂರಲಾಗದು. ಸರ್ಕಾರದ ಸಹಾಯಧನದಲ್ಲಿ ಹಳ್ಳಿಗಳಲ್ಲಿ ಕಟ್ಟಿದ ಶೌಚಾಲಯಗಳಲ್ಲಿ ಇರುವುದು ಸಾಮಾನ್ಯವಾಗಿ ನೆಲದ ಮಟ್ಟದ ಬೇಸಿನ್. ಕೂತರೆ ಏಳಲಾಗುವುದಿಲ್ಲ, ಎಬ್ಬಿಸಲು ಇನ್ನೊಬ್ಬರು ಬೇಕು. ಮನೆಯವರೆಲ್ಲ ಕೂಲಿಗೆ ಹೋದ ಮೇಲೆ ಆ ಇನ್ನೊಬ್ಬರು ಇರುವುದಿಲ್ಲ. ಅದಕ್ಕಾಗಿ ನೀರು ಕಡಿಮೆ ಕುಡಿಯುವುದು, ಊಟ ಕಡಿಮೆ ಮಾಡುವುದು ರೂಢಿಯಾದರೆ ಸವೆಯುವ ಮೂಳೆಗೆ ಮತ್ತೊಂದು ಪೆಟ್ಟು. ಗೋಡೆಗೆ ಹಿಡಿಯಲು ಒಂದು ಕಬ್ಬಿಣದ ಕಂಬಿ, ಕೂರಲು ನಡುವೆ ತೂತಿರುವ ಎತ್ತರದ ಕುರ್ಚಿ, ಹೊಸ್ತಿಲಿಗೆ ಒಂದು ಇಳಿಜಾರು. ಪಂಚಾಯಿತಿ ಮನಸ್ಸು ಮಾಡಿದರೆ ವಾರದ ಕೆಲಸ.

ಮಲೆನಾಡಿನ ದುಡಿಮೆಯೂ ಸೊಂಟದ ಮೇಲೇ ನಿಂತಿದೆ. ನಾಟಿಗೆ ಬಗ್ಗಬೇಕು, ಕೊಯ್ಲಿಗೆ ಬಗ್ಗಬೇಕು, ಅಡಿಕೆ ಸುಲಿಯಲು ಮೆಟ್ಟುಗತ್ತಿಯ ಮುಂದೆ ಕಾಲು ಮಡಚಿ ಗಂಟೆಗಟ್ಟಲೆ ಕೂರಬೇಕು. ಕೂತು ಮಾಡುವ ಕೆಲಸವೆಂದರೆ ಸುಲಭದ ಕೆಲಸ ಎಂದು ಭಾವಿಸುವವರು ಒಮ್ಮೆ ಮೆಟ್ಟುಗತ್ತಿಯ ಮುಂದೆ ಕೂತು ನೋಡಲಿ. ಎತ್ತರದ ಮಣೆಯ ಮೇಲೆ ಕೂತು ಸುಲಿಯುವ ಕತ್ತಿಯನ್ನು ರೂಪಿಸುವುದು ಸಾಗರದ ಕಮ್ಮಾರನಿಗೋ ಶಿವಮೊಗ್ಗದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೋ ಅಸಾಧ್ಯವೇ? ಅದಕ್ಕೆ ಬೇಕಾಗಿರುವುದು ರೋಗಿಯನ್ನು ಕೂರಿಸಿಕೊಂಡು, ನಿನ್ನ ದಿನ ಹೇಗೆ ಸಾಗುತ್ತದೆ ಎಂದು ಕೇಳಿ ಬರೆದುಕೊಳ್ಳುವ ಒಬ್ಬ ಫಿಸಿಯೋಥೆರಪಿಸ್ಟ್. ಇಷ್ಟು ವರ್ಷ ಎಕ್ಸ್‌ರೇ ಯಂತ್ರದ ಮುಂದೆ ನಿಂತವರನ್ನು ಆ ಪ್ರಶ್ನೆ ಕೇಳುವ ಕೆಲಸ ಯಾವ ಯೋಜನೆಯ ಬಜೆಟ್ಟಿನಲ್ಲೂ ಮುಖ್ಯ ಖರ್ಚಾಗಲಿಲ್ಲ.

ಶಸ್ತ್ರಚಿಕಿತ್ಸೆಯ ಮಾತು ಬಂದಾಗ ಅಧಿಕಾರಿಗಳು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಕಡೆ ಬೆರಳು ತೋರಿಸುತ್ತಾರೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ರಕ್ಷಣೆ ಇದೆ ಎಂಬುದು ನಿಜ. ಆದರೆ ಹಂದಿಗೋಡು ರೋಗಿಯ ಸೊಂಟ ಅರವತ್ತು ದಾಟಿದ ಸಂಧಿವಾತ ರೋಗಿಯ ಸೊಂಟದಂತಲ್ಲ. ಮೂಳೆ ಕಿರಿದು, ಕೀಲಿನ ಗೂಡು ಆಕಾರಗೆಟ್ಟಿದೆ, ಮೂಳೆಯ ಸಾಂದ್ರತೆ ಕಡಿಮೆ. ಮಾಮೂಲಿ ಅಳತೆಯ ಕೃತಕ ಕೀಲು ಕೂರದಿರಬಹುದು. ಮೂವತ್ತರ ಹರೆಯದಲ್ಲಿ ಹಾಕಿಸಿಕೊಂಡವರು ಐವತ್ತರೊಳಗೆ ಎರಡನೆಯ ಬಾರಿ ಮಲಗಬೇಕಾಗಬಹುದು. ಇಂಥ ಶಸ್ತ್ರಚಿಕಿತ್ಸೆಗೆ ಕೈ ಪಳಗಿದ ಒಂದು ತಂಡ ಬೇಕು, ಒಂದೇ ಆಸ್ಪತ್ರೆಯಲ್ಲಿ ಇವರೆಲ್ಲರ ಕಡತ ಇರಬೇಕು, ಬಿಡುಗಡೆಯಾದ ಮೇಲೆ ಊರಿನಲ್ಲಿ ನಡಿಗೆ ಕಲಿಸುವವರಿರಬೇಕು. ಜಿಲ್ಲಾ ಕೇಂದ್ರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೇ ಇದೆ. ಅಲ್ಲಿನ ಮೂಳೆರೋಗ ವಿಭಾಗಕ್ಕೆ ಈ ಹೊಣೆಯನ್ನು ಲಿಖಿತವಾಗಿ, ಹಣದ ಸಮೇತ ವಹಿಸಬೇಕು. ಕಾರ್ಡು ಕೊಟ್ಟು ಬೆಂಗಳೂರಿಗೆ ಹೋಗು ಎನ್ನುವುದು ತೆವಳುವವರಿಗೆ ಕೊಡುವ ಉತ್ತರವಲ್ಲ.

ಅಂಗವೈಕಲ್ಯದ ಪ್ರಮಾಣಪತ್ರದ ಮಾತನ್ನೂ ಆಡಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕುಬ್ಜತೆಯನ್ನು ಪ್ರತ್ಯೇಕ ವೈಕಲ್ಯವೆಂದು ಒಪ್ಪಿದೆ: ವಯಸ್ಕರ ಎತ್ತರ 147 ಸೆಂಟಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಹಂದಿಗೋಡು ಕಾಯಿಲೆ ಒಂದೇ ಮನೆಯಲ್ಲಿ ಒಬ್ಬರನ್ನು ಕುಳ್ಳರನ್ನಾಗಿಸಬಹುದು, ಇನ್ನೊಬ್ಬರಿಗೆ ಎತ್ತರ ಕೊಟ್ಟು ಸೊಂಟ ಕಿತ್ತುಕೊಳ್ಳಬಹುದು. ಎತ್ತರ ಇರುವವರು ಚಲನ ವೈಕಲ್ಯದ ಲೆಕ್ಕದಲ್ಲಿ 40 ಪ್ರತಿಶತ ತಲುಪಬೇಕು. ತಲುಪುವ ಹೊತ್ತಿಗೆ ಕೀಲು ಉಳಿಸಿಕೊಳ್ಳುವ ಕಾಲ ಮೀರಿರುತ್ತದೆ. ಮುಂದೆ ಖಂಡಿತ ಹೆಚ್ಚಾಗಲಿದೆ ಎಂದು ವಿಜ್ಞಾನವೇ ಹೇಳಿದ ಕಾಯಿಲೆಗೆ ಪ್ರತಿಶತ ತುಂಬುವವರೆಗೆ ಕಾಯಿ ಎನ್ನುವುದು ಕ್ರೌರ್ಯ. ಎಕ್ಸ್‌ರೇಯಲ್ಲಿ ರೋಗ ಖಚಿತವಾದ ದಿನದಿಂದಲೇ ನೆರವಿಗೆ ಅರ್ಹ ಎಂದು ರಾಜ್ಯ ಸರ್ಕಾರ ಒಂದು ಆದೇಶ ಹೊರಡಿಸಲಿ.

ಮದುವೆಯ ಪ್ರಶ್ನೆಯ ಬಗ್ಗೆ ಬಹಿರಂಗವಾಗಿ ಮಾತಾಡಲು ಎಲ್ಲರೂ ಹಿಂಜರಿಯುತ್ತಾರೆ. ಕಾಯಿಲೆ ವಂಶದಲ್ಲಿ ಹರಿಯುತ್ತದೆ ಎಂದು ವಿಜ್ಞಾನಿಗಳು ಇಂಗ್ಲಿಷಿನಲ್ಲಿ ಬರೆದರು. ಆ ಮಾತು ಊರಿಗೆ ತಲುಪಿದ್ದು ವಿವರಣೆಯಾಗಿ ಅಲ್ಲ, ಕಳಂಕವಾಗಿ. ಅರ್ಧಕ್ಕರ್ಧ ಎಂದರೆ ಇಬ್ಬರು ಮಕ್ಕಳಲ್ಲಿ ಒಬ್ಬರಿಗೆ ಬಂದೇ ಬರುತ್ತದೆ ಎಂದಲ್ಲ, ಪ್ರತಿ ಬಸಿರಿನಲ್ಲೂ ಅಷ್ಟೇ ಸಾಧ್ಯತೆ ಎಂದು. ಕಾಯಿಲೆ ಇಲ್ಲದ ಮಗು ಅದನ್ನು ಮುಂದಿನವರಿಗೆ ದಾಟಿಸುವ ಭಯ ಬಹಳ ಕಡಿಮೆ ಎಂದು. ದೋಷ ಹೆಂಡತಿಯದಲ್ಲ, ಏಡಿಯದೂ ಅಲ್ಲ ಎಂದು ಹುಡುಗ ಹುಡುಗಿಯರನ್ನು ಕೂರಿಸಿ ಕನ್ನಡದಲ್ಲಿ ಹೇಳುವವರು ಯಾರು? ಆಪ್ತಸಮಾಲೋಚನೆ ಇಲ್ಲದ ವಂಶವಾಹಿ ಸಂಶೋಧನೆ ಬಡವರ ಮನೆಗೆ ತಂದುಹಾಕುವುದು ಭಯವನ್ನು ಮಾತ್ರ. ಊರಿನ ಹೆಸರನ್ನೇ ರೋಗಕ್ಕೆ ಇಟ್ಟಿದ್ದರಿಂದ ಆ ಊರಿನ ನಿರೋಗಿಗಳೂ ಅದನ್ನು ಹೊರುತ್ತಿದ್ದಾರೆ. ಹೊಸ ರೋಗಗಳಿಗೆ ಸ್ಥಳದ ಹೆಸರಿಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2015ರಲ್ಲಿ; ಹಂದಿಗೋಡಿನ ಪಾಲಿಗೆ ಅದು ನಾಲ್ಕು ದಶಕ ತಡ.

ಮ್ಸೆಲೆನಿಯ ಜೊತೆಗಿನ ಹೋಲಿಕೆಯಲ್ಲಿ ನಮಗೆ ಇನ್ನೊಂದು ಪಾಠವಿದೆ. ಅಲ್ಲಿನ ಕೀಲುರೋಗ 1970ರಲ್ಲಿ ವೈದ್ಯ ಜಗತ್ತಿಗೆ ತಿಳಿಯಿತು, ನಮ್ಮದಕ್ಕಿಂತ ಕೆಲವೇ ವರ್ಷ ಮೊದಲು. 1997ರ ಪ್ರಬಂಧದ ಲೇಖಕರಲ್ಲಿ ವಿಕ್ಟರ್ ಫ್ರೆಡ್ಲಂಡ್ ಎಂಬ ಹೆಸರಿದೆ. ಅವರು ಮ್ಸೆಲೆನಿಯ ಆಸ್ಪತ್ರೆಯಲ್ಲೇ ಕೆಲಸ ಮಾಡಿದ ವೈದ್ಯರು. ಆ ರೋಗಿಗಳನ್ನು ವಾರ್ಡಿನಲ್ಲಿ ನೋಡುವ ವೈದ್ಯನಿಗೇ ಸಂಶೋಧನೆಯಲ್ಲೂ ಪಾಲಿತ್ತು. ನಮ್ಮ ಕಡೆಯ ಸಂಶೋಧನೆ ತಾರ್ನಾಕದಿಂದ ಬಂತು, ಲಖನೌದಿಂದ ಬಂತು. ಸಾಗರದ ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ, ಊರಿನ ಆರೋಗ್ಯ ಕಾರ್ಯಕರ್ತೆಗೆ ಅದರಲ್ಲಿ ಯಾವ ಸ್ಥಾನವಿತ್ತು? ಸಂಶೋಧಕ ಹೊರಟುಹೋದ ಮೇಲೆ ರೋಗಿಯೊಡನೆ ಉಳಿಯುವವರು ಅವರೇ ಅಲ್ಲವೇ?

ಇದೇ ಸೀಮೆಯಲ್ಲಿ ಇನ್ನೊಂದು ಕಾಯಿಲೆ ಇದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡ ಮಂಗನ ಕಾಯಿಲೆ. 2018-19ರ ಚಳಿಗಾಲದಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಜನ ಸತ್ತಾಗ ಸಚಿವರು ಬಂದರು, ತಜ್ಞರು ಬಂದರು, ಪತ್ರಿಕೆಗಳು ಮುಖಪುಟ ಕೊಟ್ಟವು. ಬರಲೇಬೇಕಿತ್ತು. ಆದರೆ ಜ್ವರದಂತೆ ಕೊಲ್ಲದೆ, ವರ್ಷಕ್ಕೊಂದು ಇಂಚಿನಂತೆ ಮನುಷ್ಯನನ್ನು ನೆಲಕ್ಕಿಳಿಸುವ ಕಾಯಿಲೆಗೆ ಆ ತುರ್ತು ಎಂದೂ ಸಿಗಲಿಲ್ಲ. ತಾರ್ನಾಕದ ವಿಜ್ಞಾನಿಗಳೇ 1973ರಲ್ಲಿ ನಲ್ಗೊಂಡದ ಫ್ಲೋರೈಡ್ ನೀರಿನಿಂದ ಮಂಡಿ ಸೊಟ್ಟಗಾಗುವುದನ್ನು ವರದಿ ಮಾಡಿದ್ದರು. ಫ್ಲೋರೋಸಿಸ್‌ಗೆ 2008-09ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವಾದರೂ ಬಂತು. ಅದರಲ್ಲಿ ಚಿಕಿತ್ಸೆ ಮತ್ತು ಪುನರ್ವಸತಿಯ ಬಾಬ್ತೂ ಇದೆ. ಫ್ಲೋರೈಡ್ ಹಲವು ರಾಜ್ಯಗಳ ಸಮಸ್ಯೆ, ಹಂದಿಗೋಡಿನದು ಕೆಲವು ತಾಲ್ಲೂಕುಗಳ ಕೆಲವು ಕುಟುಂಬಗಳದ್ದು ಎಂಬುದೊಂದೇ ವ್ಯತ್ಯಾಸ. ಅದರಲ್ಲೂ ಮತದ ಎಣಿಕೆಯಲ್ಲಿ ಲೆಕ್ಕಕ್ಕೆ ಬಾರದ ದಲಿತ ಕುಟುಂಬಗಳದ್ದು. ಈ ಕಾಯಿಲೆ ಊರಿನ ಜಮೀನುದಾರರ ಮನೆಗಳನ್ನು ಹಿಡಿದಿದ್ದರೆ ಇಷ್ಟು ಹೊತ್ತಿಗೆ ಸಾಗರದಲ್ಲಿ ಒಂದು ಮೂಳೆ ಆಸ್ಪತ್ರೆ ಇರುತ್ತಿತ್ತು ಎಂಬುದರಲ್ಲಿ ನಮಗೆ ಸಂಶಯವಿಲ್ಲ.

2021ರ ಅಪರೂಪದ ರೋಗಗಳ ರಾಷ್ಟ್ರೀಯ ನೀತಿ ಈಗ ಒಂದು ದಾರಿ ತೆರೆದಿದೆ. ಆ ನೀತಿಯಡಿ ಗುರುತಿಸಿದ ಉತ್ಕೃಷ್ಟತಾ ಕೇಂದ್ರಗಳಲ್ಲಿ ಹೈದರಾಬಾದಿನ ಡಿಎನ್‌ಎ ಬೆರಳಚ್ಚು ಕೇಂದ್ರ ಮತ್ತು ನಿಜಾಮ್ಸ್ ವೈದ್ಯಕೀಯ ಸಂಸ್ಥೆ ಜೋಡಿಯಾಗಿವೆ. ರೋಗಿಯೊಬ್ಬರಿಗೆ 50 ಲಕ್ಷ ರೂಪಾಯಿಯವರೆಗೆ ನೆರವಿಗೆ ಅವಕಾಶವಿದೆ. ಆದರೆ ನೀತಿಯ ಒಲವು ದುಬಾರಿ ಔಷಧಿಯಿಂದ ಗುಣ ಕಾಣಬಹುದಾದ ಮಕ್ಕಳ ಕಾಯಿಲೆಗಳ ಕಡೆ. ಔಷಧಿಯಿಲ್ಲದ, ಊರುಗೋಲು, ವ್ಯಾಯಾಮ, ಕೀಲುಜೋಡಣೆ, ಮಾಸಾಶನಗಳಿಂದ ಮಾತ್ರ ಸಹನೀಯವಾಗುವ ರೋಗಕ್ಕೆ ಅಲ್ಲಿ ಜಾಗ ಮಾಡಬೇಕು. ಹಂದಿಗೋಡಿನ ಹೆಸರನ್ನು ಅಲ್ಲಿ ಸೇರಿಸಬೇಕೆಂದು ಕರ್ನಾಟಕ ಸರ್ಕಾರ ಕೇಂದ್ರಕ್ಕೆ ಬರೆಯಲಿ. ಬರೆದಿದ್ದರೆ ಆ ಪತ್ರವನ್ನು ಜನರ ಮುಂದಿಡಲಿ.

ಐಸಿಎಂಆರ್ ಮಾಡಬೇಕಾದ ಕೆಲಸ ಇನ್ನೂ ಸ್ಪಷ್ಟ. ಸಾಗರದಲ್ಲಿ ತನ್ನದೊಂದು ಕಾಯಂ ಘಟಕ ತೆರೆಯಬೇಕು. ಗ್ರಾಮೀಣ ಆರೋಗ್ಯ ಸಂಶೋಧನಾ ಘಟಕಗಳ ಯೋಜನೆ ಕೇಂದ್ರ ಸರ್ಕಾರದಲ್ಲಿ ಇದ್ದೇ ಇದೆ. ಆ ಘಟಕದ ಮೊದಲ ಹತ್ತು ವರ್ಷದ ಸಂಶೋಧನೆ ಪುನರ್ವಸತಿಯ ಮೇಲಿರಲಿ. ಯಾರಿಗೆ ಯಾವ ವಯಸ್ಸಿನಲ್ಲಿ ಏನು ಕೊಟ್ಟರೆ ಎಷ್ಟು ದಿನ ಹೆಚ್ಚು ನಡೆಯುತ್ತಾರೆ ಎಂಬ ಲೆಕ್ಕ ಬರಲಿ. ಪ್ರತಿ ಕುಟುಂಬದ ಹೆಸರು ಗೋಪ್ಯವಾಗಿರುವ ಒಂದು ನೋಂದಣಿ ಪುಸ್ತಕವಿರಲಿ. ಅದಿಲ್ಲದೆ ಎಷ್ಟು ಜನ ಬಾಧಿತರು ಎಂಬ ಸರಳ ಪ್ರಶ್ನೆಗೂ ಒಬ್ಬೊಬ್ಬರು ಒಂದೊಂದು ಉತ್ತರ ಕೊಡುವ ಸ್ಥಿತಿ ಮುಂದುವರಿಯುತ್ತದೆ.

ಅದಕ್ಕೂ ಮೊದಲು ಒಂದು ಪತ್ರ ಬರಬೇಕು. 1975ರಿಂದ ಈಚೆಗೆ ಈ ಕುಟುಂಬಗಳಿಂದ ತೆಗೆದುಕೊಂಡ ರಕ್ತ ಏನಾಯಿತು, ಎಕ್ಸ್‌ರೇಗಳು ಎಲ್ಲಿವೆ, ಕಂಡುಕೊಂಡದ್ದೇನು, ಇನ್ನೂ ತಿಳಿಯದಿರುವುದೇನು ಎಂದು ಆ ಪತ್ರ ಹೇಳಬೇಕು. ಅದು ಕನ್ನಡದಲ್ಲಿರಬೇಕು, ಮಂಡಳಿಯ ಮಹಾನಿರ್ದೇಶಕರ ಸಹಿ ಇರಬೇಕು, ಮಾದರಿ ಕೊಟ್ಟ ಪ್ರತಿ ಮನೆಗೂ ಆಶಾ ಕಾರ್ಯಕರ್ತೆಯ ಕೈಯಲ್ಲಿ ತಲುಪಬೇಕು, ಓದಲು ಬಾರದವರಿಗೆ ಅವರು ಓದಿ ಹೇಳಬೇಕು.